ಅಪ್ಪನ ಮೈಯೇ ಮರಿಗಳ ಊಟ

ಔಷಧಿ ಬಾಟಲಿಯ ಮುಚ್ಚಳ ತೆಗೆದಾಗಿತ್ತು. ಟ್ಯಾಂಕಿನಲ್ಲಿ ನನ್ನ ಗಂಡು ಮೀನಿನ ಪಕ್ಕೆಗೆ ಮರಿಗಳು ಒಂದರ ಹಿಂದೆ ಒಂದು ಬಂದು ಬಡಿಯುತ್ತಿದ್ದವು. ಸರ್ರನೆ ಬರುತ್ತವೆ, ಮೈಗೆ ಮೂತಿ ತಾಗಿಸುತ್ತವೆ, ಪುಟಿದು ಆಚೆ ಹೋಗುತ್ತವೆ. ಗಂಡು ಅಲ್ಲಾಡದೆ ನಿಂತಿತ್ತು. ಅಂಗಡಿಯವರಿಗೆ ಫೋನ್ ಮಾಡಿದರೆ "ಮೈಮೇಲೆ ಹುಳ ಆಗಿರುತ್ತೆ ಸಾರ್, ಇದನ್ನ ಹಾಕಿ" ಅಂದಿದ್ದರು. ಹಾಕುವ ಮುಂಚೆ ಇನ್ನೊಂದು ಹತ್ತು ನಿಮಿಷ ನೋಡೋಣ ಅಂತ ಸುಮ್ನೆ ಕೂತೆ. ಕೂತಿದ್ದೇ ಒಳ್ಳೆಯದಾಯಿತು.

ನನ್ನವು ಆರೆಂಜ್ ಕ್ರೋಮೈಡ್. ಇದು ಸಿಕ್ಲಿಡ್ ಅನ್ನುವ ಮೀನುಗಳ ಕುಟುಂಬಕ್ಕೆ ಸೇರಿದ್ದು. ಸಿಕ್ಲಿಡ್ ಅಂದರೆ ಆಫ್ರಿಕಾ, ಅಮೆರಿಕ ಅಂತಲೇ ನಮ್ಮ ತಲೆಯಲ್ಲಿ ಕೂತಿರುತ್ತದೆ. ಇದು ಮಾತ್ರ ನಮ್ಮದೇ ಮೀನು. ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಹಿನ್ನೀರು, ಹೊಳೆಗಳದ್ದು. ಕೇರಳದಲ್ಲಿ ಪಳ್ಳತ್ತಿ ಅನ್ನುತ್ತಾರೆ, ಅಲ್ಲಿನ ಪ್ರಸಿದ್ಧ ಕರಿಮೀನಿನ ಹತ್ತಿರದ ನೆಂಟ. ಡಿಸ್ಕಸ್ ಮೀನು ಮರಿಗಳಿಗೆ ಮೈಯ ಲೋಳೆ ತಿನ್ನಿಸುತ್ತದೆ ಅಂತ ಎಲ್ಲರೂ ಬಾಯಿ ಬಿಟ್ಟು ನೋಡುತ್ತಾರೆ, ಸಾವಿರಗಟ್ಟಲೆ ಸುರಿದು ತರುತ್ತಾರೆ. ಕೈಗೆಟಕುವ ಬೆಲೆಯ ನಮ್ಮ ಮೀನೂ ಅದನ್ನೇ ಮಾಡುತ್ತದೆ ಅಂದರೆ ಯಾರೂ ನಂಬುವುದಿಲ್ಲ!

ಮೊದಲ ಸಲ ನಾನು ಜಾಸ್ತಿ ಬುದ್ಧಿವಂತಿಕೆ ತೋರಿಸಿದ್ದೆ. ಅಪ್ಪ ಅಮ್ಮ ತಿಂದುಬಿಟ್ಟರೆ ಅಂತ ಹೆದರಿ, ಮರಿಗಳನ್ನು ಗಾಳಿ ಪೈಪಿನಿಂದ ಎಳೆದು ಬೇರೆ ಡಬ್ಬಕ್ಕೆ ಹಾಕಿದೆ. ಬೇಯಿಸಿದ ಮೊಟ್ಟೆಯ ಹಳದಿ ಕದಡಿ ಕೊಟ್ಟೆ. ನೀರು ನಾರತೊಡಗಿತು. ಎಂಟು ದಿನದಲ್ಲಿ ಒಂದೂ ಉಳಿಯಲಿಲ್ಲ. ಎರಡನೇ ಸಲ ರಾತ್ರಿ ಲೈಟ್ ಪಟ್ಟನೆ ಆರಿಸಿದೆ, ಬೆಳಿಗ್ಗೆ ಎದ್ದು ನೋಡಿದರೆ ಮೊಟ್ಟೆಗಳೇ ಇಲ್ಲ. ದಿಢೀರ್ ಕತ್ತಲಿಗೆ ಗಾಬರಿಯಾಗಿ ಅವೇ ತಿಂದಿರಬೇಕು. ಅದಾದ ಮೇಲೆ ಟ್ಯಾಂಕಿನ ಪಕ್ಕ ಒಂದು ಜೀರೋ ಬಲ್ಬ್ ಇಟ್ಟೆ.

ಮೂರನೇ ಸಲ ಏನನ್ನೂ ಮುಟ್ಟಬಾರದು ಅಂತ ತೀರ್ಮಾನ ಮಾಡಿದೆ. ಎರಡೂವರೆ ಅಡಿ ಟ್ಯಾಂಕ್, ಒಂದು ಸ್ಪಂಜ್ ಫಿಲ್ಟರ್, ಅಡ್ಡ ಮಲಗಿಸಿದ ಮಣ್ಣಿನ ಹೂಕುಂಡ. ನಮ್ಮ ಬೋರ್‌ವೆಲ್ ನೀರು ಗಡಸು, ಈ ಮೀನಿಗೆ ಅದೇ ಇಷ್ಟ. ಹತ್ತು ಲೀಟರಿಗೆ ಒಂದು ದೊಡ್ಡ ಚಮಚ ಕಲ್ಲುಪ್ಪು ಬೆರೆಸಿದೆ. ಹೂಕುಂಡದ ಒಳಗೋಡೆಗೆ ಮೊಟ್ಟೆ ಅಂಟಿಸಿದವು. ಪ್ರತಿ ಮೊಟ್ಟೆಗೂ ಸಣ್ಣ ತೊಟ್ಟು, ಗಿಡದಲ್ಲಿ ಕಾಯಿ ತೂಗಿದ ಹಾಗೆ. ಗಂಡು ಹೆಣ್ಣು ಪಾಳಿ ಹಾಕಿಕೊಂಡು ರೆಕ್ಕೆಯಿಂದ ಗಾಳಿ ಬೀಸುತ್ತಿದ್ದವು. ಮೊಟ್ಟೆ ಒಡೆದ ಮೇಲೆ ಮರಳಲ್ಲಿ ಗುಂಡಿ ತೋಡಿ, ಮರಿಗಳನ್ನು ಬಾಯಲ್ಲಿ ಕಚ್ಚಿ ತಂದು ಅಲ್ಲಿ ಉಗಿದವು. ಮಾರನೇ ದಿನ ಇನ್ನೊಂದು ಗುಂಡಿ. ಯಾಕೆ ಮನೆ ಬದಲಾಯಿಸುತ್ತವೋ, ಅವಕ್ಕೇ ಗೊತ್ತು.

ಮರಿಗಳು ಈಜಲು ಶುರು ಮಾಡಿದ ಮೇಲೆ ಇನ್ನೊಂದು ವಿಷಯ ಕಂಡಿತು. ಮರಿಗಳಿದ್ದಾಗ ದೊಡ್ಡವುಗಳ ಹೊಟ್ಟೆಯಡಿಯ ಎರಡು ರೆಕ್ಕೆ ಇದ್ದಿಲಿನ ಹಾಗೆ ಕಪ್ಪಾಗುತ್ತವೆ. ನಾನು ಟ್ಯಾಂಕಿನ ಹತ್ತಿರ ಕೈ ತಂದರೆ ಸಾಕು, ಹೆಣ್ಣು ಆ ರೆಕ್ಕೆಗಳನ್ನು ಪಟಪಟ ಬಿಚ್ಚಿ ಮುಚ್ಚುತ್ತಿತ್ತು. ಚದುರಿದ್ದ ಮರಿಗಳೆಲ್ಲ ಅದರ ಹೊಟ್ಟೆಯ ಕೆಳಗೆ ಬಂದು ಗುಂಪಾಗುತ್ತಿದ್ದವು. ನಮ್ಮಮ್ಮ ಸೆರಗು ಬೀಸಿ ಕರೆದ ಹಾಗೇ ಇತ್ತು.

ಸರಿ, ಆ ಔಷಧಿಯ ದಿನಕ್ಕೆ ಬರೋಣ. ಭೂತಗನ್ನಡಿ ಹಿಡಿದು ನೋಡಿದೆ. ಗಂಡಿನ ಮೈಮೇಲೆ ಹುಳವೂ ಇಲ್ಲ, ಗಾಯವೂ ಇಲ್ಲ. ತೆಳ್ಳಗೆ ಮಂಜು ಹಿಡಿದಂತೆ ಲೋಳೆ ಇತ್ತು, ಮರಿ ಕಚ್ಚಿದ ಕಡೆ ಮಾತ್ರ ಅದು ಕಿತ್ತುಬಂದಿತ್ತು. ಮರಿ ಸಾಕುವಾಗ ಇವುಗಳ ಚರ್ಮದಲ್ಲಿ ಲೋಳೆ ಹೆಚ್ಚುತ್ತದೆ. ಅಮೆರಿಕದ ವಿಜ್ಞಾನಿಗಳಾದ ಜಾಕ್ ವಾರ್ಡ್ ಮತ್ತು ಜಾರ್ಜ್ ಬಾರ್ಲೋ ಇದೇ ಮೀನಿನ ಮರಿಗಳ ಈ ಚಾಳಿಯ ಬಗ್ಗೆ 1967ರಲ್ಲೇ ಬರೆದಿದ್ದಾರೆ. ನನಗೆ ಗೊತ್ತಾಗಿದ್ದು ಮಾತ್ರ ಬಾಟಲಿ ಕೊಂಡ ಮೇಲೆ. ಮುಚ್ಚಳ ಮುಚ್ಚಿ ಕಪಾಟಿಗೆ ಸೇರಿಸಿದೆ.

ಹಾಗಂತ ಲೋಳೆಯೊಂದೇ ಸಾಲುವುದಿಲ್ಲ. ದಿನಕ್ಕೆ ಮೂರು ಸಲ ಆಗತಾನೇ ಮೊಟ್ಟೆ ಒಡೆದ ಆರ್ಟೀಮಿಯಾ (ಉಪ್ಪುನೀರಿನ ಕಿತ್ತಳೆ ಬಣ್ಣದ ಪುಟ್ಟ ಸಿಗಡಿಯಂಥ ಜೀವಿ) ಕೊಟ್ಟೆ, ಎರಡು ದಿನಕ್ಕೊಮ್ಮೆ ಕಾಲು ಭಾಗ ನೀರು ಬದಲಾಯಿಸಿದೆ. ಹೊಟ್ಟೆ ಕಿತ್ತಳೆ ಬಣ್ಣಕ್ಕೆ ಉಬ್ಬಿದ್ದರೂ ಮರಿಗಳು ಅಪ್ಪನನ್ನು ಬಿಡಲಿಲ್ಲ. ಅಮ್ಮನಿಗಿಂತ ಅಪ್ಪನ ಮೇಲೇ ಜಾಸ್ತಿ ಪ್ರೀತಿ, ನಮ್ಮ ಟ್ಯಾಂಕಿನಲ್ಲಂತೂ ಹಾಗೇ. ದೊಡ್ಡವಾದ ಮೇಲೂ ಈ ಅಭ್ಯಾಸ ಪೂರ್ತಿ ಹೋಗುವುದಿಲ್ಲ. ಹಿನ್ನೀರಿನಲ್ಲಿ ಇವು ಕರಿಮೀನಿನ ಮೈಮೇಲಿನ ಪರೋಪಜೀವಿಗಳನ್ನು ಕಿತ್ತು ತಿನ್ನುತ್ತವೆ. ಸಮಯ ಸಿಕ್ಕರೆ ಅದರ ಮೊಟ್ಟೆಯನ್ನೂ ಬಿಡುವುದಿಲ್ಲ ಅನ್ನಿ.

ಐದನೇ ವಾರಕ್ಕೆ ಮರಿಗಳ ಬಾಯಿ ದೊಡ್ಡದಾಯಿತು. ಕಚ್ಚಿದಾಗಲೆಲ್ಲ ಗಂಡು ಬೆಚ್ಚಿ ಮೂಲೆಗೆ ಓಡುತ್ತಿತ್ತು, ಬಾಲದ ತುದಿ ಸ್ವಲ್ಪ ಹರಿದಿತ್ತು. ಇನ್ನು ಸಾಕು ಅನ್ನಿಸಿ ಮರಿಗಳನ್ನು ಎತ್ತಿ ಪಕ್ಕದ ಟ್ಯಾಂಕಿಗೆ ಹಾಕಿದೆ. ಎಣಿಸಿದರೆ ನಲವತ್ಮೂರು. ಗಂಡು ಎರಡು ದಿನ ಕುಂಡದ ಹಿಂದೆ ನಿಂತಿತ್ತು. ಮೂರನೇ ದಿನ ಹೆಣ್ಣು ಕುಂಡದ ಒಳಗೋಡೆಯನ್ನು ಬಾಯಿಂದ ಉಜ್ಜಿ ಸ್ವಚ್ಛ ಮಾಡಲು ಶುರು ಮಾಡಿತು.