ಗೋವಾ ಏರ್‌ಪೋರ್ಟಲ್ಲಿ ಇಳಿದು ಕಾರವಾರಕ್ಕೆ ಟ್ಯಾಕ್ಸಿ ಮಾಡೋದು ಹೇಗೆ

ಮೊದ್ಲು ಟಿಕೆಟ್ ತೆಗೆದು ಸರಿಯಾಗಿ ನೋಡಿ, ಇಳಿಯೋದು ದಾಬೋಲಿಮ್ಮಲ್ಲೋ ಮೋಪಾದಲ್ಲೋ ಅಂತ. ಏರ್‌ಪೋರ್ಟ್ ಕೋಡ್ ಜಿಒಐ (GOI) ಅಂತಿದ್ರೆ ವಾಸ್ಕೋ ಹತ್ರದ ದಾಬೋಲಿಮ್, ಜಿಒಎಕ್ಸ್ (GOX) ಅಂತಿದ್ರೆ 2023ರ ಜನವರಿಯಲ್ಲಿ ಶುರುವಾದ ಮೋಪಾ. ದಾಬೋಲಿಮ್ಮಿಂದ ಕಾರವಾರ ಹೆಚ್ಚುಕಮ್ಮಿ ನೂರು ಕಿ.ಮೀ., ಆದ್ರೆ ಮೋಪಾ ಇರೋದು ಗೋವಾದ ಉತ್ತರದ ತುದಿಗೆ, ಅಲ್ಲಿಂದ ಬರೋದಾದ್ರೆ ಇಡೀ ಗೋವಾ ಉದ್ದಕ್ಕೆ ದಾಟಿ 130 ಕಿ.ಮೀ. ಆಸುಪಾಸು ಓಡ್ಬೇಕು. ಮೋಪಾಕ್ಕೆ ವಿಮಾನದ ಟಿಕೆಟ್ ಕಮ್ಮಿಗೆ ಸಿಕ್ತು ಅಂತ ಬುಕ್ ಮಾಡಿದ್ರೆ ಉಳಿಸಿದ ದುಡ್ಡು ರಸ್ತೆ ಮೇಲೇ ಖರ್ಚಾಗ್ಬಹುದು, ಅದಕ್ಕೆ ವಿಮಾನದ್ದು ಟ್ಯಾಕ್ಸಿದ್ದು ಎರಡನ್ನೂ ಕೂಡಿಸಿಯೇ ಲೆಕ್ಕ ಹಾಕಿ.

ಬೆಂಗಳೂರಿನ ರೂಢಿಯಲ್ಲಿ ಇಳಿದ ತಕ್ಷಣ ಓಲಾ ಉಬರ್ ನೋಡ್ತಾ ಕೂರ್ಬೇಡಿ, ಗೋವಾದಲ್ಲಿ ಅವು ಓಡಲ್ಲ. ಅಲ್ಲಿ ಇರೋದು ಏರ್‌ಪೋರ್ಟಿನ ಪ್ರೀಪೇಯ್ಡ್ ಕೌಂಟರು, ಇಲ್ಲಾಂದ್ರೆ ಗೋವಾ ಮೈಲ್ಸ್ ಆ್ಯಪು. ಹೊರಗೆ ಬಂದು ಯಾರೋ ಕರೆದ್ರು ಅಂತ ಹೋಗೋದಕ್ಕಿಂತ ಬ್ಯಾಗ್ ತಗೊಂಡು ಸೀದಾ ಕೌಂಟರಿಗೆ ಹೋಗಿ ದರ ಕೇಳಿ. ಇಲ್ಲೊಂದು ವಿಷಯ, ಬರೀ "ಕಾರವಾರ" ಅಂದ್ರೆ ಸಾಕಾಗಲ್ಲ. ಸದಾಶಿವಗಡ ಕಾಳಿ ಸೇತುವೆಗಿಂತ ಮೊದ್ಲೇ ಸಿಗ್ತದೆ, ಬಿಣಗಾ ಅರಗಾ ಸಿಗೋದು ಕಾರವಾರ ಪೇಟೆ ದಾಟಿ ಸುರಂಗ ಕಳೆದ ಮೇಲೆ, ಕೈಗಾ ಅಂತೂ ಹೈವೇ ಬಿಟ್ಟು ಒಳಗೆ ಎಷ್ಟೋ ದೂರ. ಮನೆ ಇರೋ ಜಾಗ ಹೇಳಿಯೇ ದರ ಮಾತಾಡಿ, ಇಲ್ಲಾಂದ್ರೆ ಮನೆ ಬಾಗಿಲಲ್ಲಿ ನಿಂತು ಜಗಳ ಆಗ್ತದೆ, ಅದರಲ್ಲಿ ಡ್ರೈವರಿನದ್ದೂ ತಪ್ಪಿರಲ್ಲ.

ಹತ್ತೋ ಮೊದ್ಲು ಮೂರು ಮಾತು ಕೇಳ್ಳೇಬೇಕು. ಗಾಡಿಗೆ ಕರ್ನಾಟಕಕ್ಕೆ ಬರೋ ಪರ್ಮಿಟ್ ಇದ್ಯಾ, ವಾಪಸ್ ಖಾಲಿ ಹೋಗೋದ್ರ ದುಡ್ಡು ಈ ದರದಲ್ಲೇ ಸೇರಿದ್ಯಾ, ರಾತ್ರಿ ಚಾರ್ಜು ಪಾರ್ಕಿಂಗು ಬೇರೆ ಕೊಡ್ಬೇಕಾ. ಡ್ರೈವರು ವಾಪಸ್ ಬಾಡಿಗೆ ಕೇಳಿದ್ರೆ ನಮ್ಮಲ್ಲಿ ಕೆಲವ್ರು ಸಿಟ್ಟಾಗ್ತಾರೆ, ಆದ್ರೆ ಅವ್ರಿಗೆ ಕಾರವಾರದಿಂದ ಗೋವಾಕ್ಕೆ ಬಾಡಿಗೆ ಸಿಗೋದು ಕಷ್ಟ ನೋಡಿ, ಡೀಸೆಲ್ ಅಂತೂ ಎರಡೂ ಕಡೆ ಉರಿಯೋದೇ. ನಮ್ಮ ಕಡೆಯವ್ರಿಗೆ ಹೇಗೂ ಕೊಂಕಣಿ ಬರ್ತದಲ್ಲ, ಕೊಂಕಣಿಯಲ್ಲೇ ಮಾತಾಡಿ, ಮಾತು ಬೇಗ ಕುದುರ್ತದೆ. ಪ್ರೀಪೇಯ್ಡ್ ಚೀಟಿ ಕೊಟ್ರೆ ಅದನ್ನ ಮನೆ ಮುಟ್ಟೋ ತನಕ ಕೈಯಲ್ಲೇ ಇಟ್ಕೊಳ್ಳಿ.

ಒಬ್ರೇ ಬರ್ತಿದ್ದೀರಿ, ಹಗಲು ಹೊತ್ತು, ಸಾಮಾನೂ ಜಾಸ್ತಿ ಇಲ್ಲ ಅಂದ್ರೆ ಪೂರ್ತಿ ಟ್ಯಾಕ್ಸಿ ಬೇಡವೇ ಬೇಡ ಅಂತ ನಾನು ಹೇಳೋದು. ದಾಬೋಲಿಮ್ಮಿಂದ ಮಡಗಾಂವ್ ತನಕ ಮಾತ್ರ ಟ್ಯಾಕ್ಸಿ ಮಾಡಿ, ಅಲ್ಲಿಂದ ಕೊಂಕಣ ರೈಲು ಹಿಡಿದ್ರೆ ಕಾಣಕೋಣ, ಅಸ್ನೋಟಿ ದಾಟಿ ಕಾರವಾರ. ಮೋಪಾದಲ್ಲಿ ಇಳಿದವ್ರಿಗೆ ಮಡಗಾಂವ್‌ವರೆಗೆ ಗೋವಾ ಸರ್ಕಾರದ ಕದಂಬ ಬಸ್ಸೂ ಉಂಟು. ರೈಲಿನ ಟೈಮ್ ನೋಡ್ಕೊಂಡೇ ಹೋಗಿ, ತಪ್ಪಿದ್ರೆ ಮಡಗಾಂವ್ ಬಸ್ ಸ್ಟ್ಯಾಂಡಿಂದ ಕಾರವಾರದ ಬಸ್ಸು. ರೈಲ್ವೆ ಸ್ಟೇಷನ್ ಇರೋದು ಶಿರವಾಡದಲ್ಲಿ, ಪೇಟೆಗೆ ಬರೋಕೆ ಮತ್ತೆ ಆಟೋ ಬೇಕು ಅನ್ನೋದು ನೆನಪಿರ್ಲಿ.

ವಯಸ್ಸಾದವ್ರು, ಆಸ್ಪತ್ರೆಯಿಂದ ಬರೋರು, ಸಣ್ಣ ಮಕ್ಕಳಿದ್ದವ್ರು ಮಾತ್ರ ಈ ಉಳಿತಾಯದ ಹಿಂದೆ ಬೀಳ್ಬೇಡಿ, ರಾತ್ರಿ ವಿಮಾನ ಆದ್ರಂತೂ ಬೇಡವೇ ಬೇಡ. ಕಾರವಾರದಿಂದಲೇ ಪರಿಚಯದ ಗಾಡಿ ಮುಂಚೆ ಹೇಳಿಟ್ಟು ಕರೆಸ್ಕೊಳ್ಳಿ, ಗೋವಾ ಒಳಗೆ ಬರೋ ಪರ್ಮಿಟ್ ಟ್ಯಾಕ್ಸ್ ಅವ್ರೇ ಕಟ್ಬೇಕು ಅಂತ ಆಗಲೇ ಮಾತಾಡಿಡಿ. ಹಳದಿ ಬೋರ್ಡಿನ ಗಾಡಿನೇ ಬರ್ಲಿ, ಬಿಳಿ ಬೋರ್ಡಿನದ್ದು ಬಾಡಿಗೆಗೆ ಓಡಿಸೋದು ಕಾನೂನಿಗೆ ವಿರುದ್ಧ, ಅಪಘಾತ ಆದ್ರೆ ಇನ್ಶೂರೆನ್ಸಿಗೂ ತೊಂದ್ರೆ. ಡ್ರೈವರಿಗೆ ವಿಮಾನದ ನಂಬರ್ ಕಳಿಸಿ, ಲೇಟಾದ್ರೆ ಅವ್ರೇ ನೋಡ್ಕೊಳ್ತಾರೆ, ಪಾರ್ಕಿಂಗಲ್ಲೇ ನಿಂತು ಫೋನ್ ಮಾಡೋಕೆ ಹೇಳಿ.

ಇನ್ನೊಂದು ಮಾತು ಗಟ್ಟಿಯಾಗಿಯೇ ಹೇಳ್ತೇನೆ. ಗೋವಾದ ಬಾಟಲಿ ಬ್ಯಾಗಲ್ಲಿ ತುರುಕ್ಕೊಂಡು ಟ್ಯಾಕ್ಸಿ ಹತ್ಬೇಡಿ. ಗೋವಾ ಗಡಿಯ ಪೋಳೆಂ ದಾಟಿದ ಮೇಲೆ ಮಾಜಾಳಿ ಚೆಕ್‌ಪೋಸ್ಟಲ್ಲಿ ಅಬಕಾರಿಯವ್ರು ತಪಾಸಣೆ ಮಾಡ್ತಾರೆ, ಸಿಕ್ಕಿಬಿದ್ರೆ ನಿಮ್ಮ ಮೇಲೆ ಕೇಸಾಗೋದು ಬಿಡಿ, ಗಾಡಿನೂ ಜಪ್ತಿ ಆಗ್ಬಹುದು, ಆ ಡ್ರೈವರಿನ ಹೊಟ್ಟೆಪಾಡೇ ಆ ಗಾಡಿ.

ಶಿರಸಿ, ಯಲ್ಲಾಪುರ ಕಡೆಯವ್ರಿಗೆ ಗೋವಾ ಸುತ್ತು, ಹುಬ್ಬಳ್ಳಿ ಏರ್‌ಪೋರ್ಟೇ ಸಲೀಸು, ಶಿರಸಿಗೆ ಅಲ್ಲಿಂದ ಸುಮಾರು ನೂರು ಕಿ.ಮೀ. ಭಟ್ಕಳದವ್ರಿಗೆ ಮಂಗಳೂರು. ಮಳೆಗಾಲದಲ್ಲಿ ಯಾವ ಕಡೆಯಿಂದ ಬಂದ್ರೂ ಹೊರಡೋ ಮುಂಚೆ ಊರಿಗೊಂದು ಫೋನ್ ಮಾಡಿ ರಸ್ತೆ ಕೇಳ್ಕೊಳ್ಳಿ. 2024ರ ಜುಲೈಯಲ್ಲಿ ಶಿರೂರು ಗುಡ್ಡ ಕುಸಿದಾಗ ಅಂಕೋಲಾ ಹತ್ರ ಹೈವೇನೇ ಬಂದಾಗಿತ್ತು, ಕುಮಟಾ-ಶಿರಸಿ ರಸ್ತೆಯ ದೇವಿಮನೆ ಘಾಟಿನದ್ದೂ ಮಳೆಯಲ್ಲಿ ಹೇಳೋಕಾಗಲ್ಲ. ಸುತ್ತು ಹಾಕಿ ಬರೋದಾದ್ರೆ ಎಷ್ಟು ಜಾಸ್ತಿ ಕೊಡ್ಬೇಕು ಅಂತಾನೂ ಹತ್ತೋ ಮೊದ್ಲೇ ಡ್ರೈವರ್ ಹತ್ರ ಮಾತಾಡ್ಕೊಳ್ಳಿ.