ಇಳಿಸಿದ ಕಾರು, ನಾಲ್ಕು ಮಳೆಗಾಲ, ಅದೇ ಬಲೂನು

ಕಾರಿನ ಎತ್ತರ ಇಳಿಸಿದರೆ ಏರ್ ಸಸ್ಪೆನ್ಷನ್, ಅಂದರೆ ಸ್ಪ್ರಿಂಗ್ ಬದಲು ಭಾರ ಹೊರುವ ಗಾಳಿ ತುಂಬಿದ ರಬ್ಬರ್ ಬಲೂನು, ಒಂದೇ ಮಳೆಗಾಲಕ್ಕೆ ಹೋಗುತ್ತದೆ ಅಂತ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಎಲ್ಲರೂ ಹೇಳಿದ್ದರು. ನನ್ನ ಸೆಕೆಂಡ್ ಹ್ಯಾಂಡ್ ಜರ್ಮನ್ ಸೆಡಾನ್ ಈಗ ಇಳಿಸಿಕೊಂಡೇ ನಾಲ್ಕು ಮಳೆಗಾಲ ದಾಟಿದೆ. ಹತ್ತಿರ ಹತ್ತಿರ 55 ಸಾವಿರ ಕಿಲೋಮೀಟರ್. ಮುಂಭಾಗದ ಬಲೂನು ಎರಡೂ ಅವೇ.

ಮೊದಲ ಸಲ ಸೋತಿದ್ದೆ. ಕಾರಿನ ಎತ್ತರ ಅಳೆಯುವ ಹೈಟ್ ಸೆನ್ಸರ್‌ನ ಲಿಂಕ್ (ಸಣ್ಣ ಕಡ್ಡಿ) ಬದಲಿಸಿ ಒಂದೇ ಏಟಿಗೆ 45 ಮಿಲಿಮೀಟರ್ ಇಳಿಸಿದೆ. ನೋಡೋಕೆ ಚೆಂದ ಇತ್ತು. ಆದರೆ ತೀರ್ಥಹಳ್ಳಿ ರಸ್ತೆಯಲ್ಲಿ ಮಂಡಗದ್ದೆ ಮುಟ್ಟುವಷ್ಟರಲ್ಲಿ ಹಂಪ್ಸ್ ಹಂಪ್ಸಿಗೂ ಸಸ್ಪೆನ್ಷನ್ ಪೂರ್ತಿ ಕುಸಿದು ಕೊನೆಯ ತಡೆಯಾದ ಬಂಪ್ ಸ್ಟಾಪ್‌ಗೆ ಬಡಿಯುತ್ತಿತ್ತು. ಎಂಟು ತಿಂಗಳಾಗಿರಬೇಕು, ಒಂದು ಬೆಳಿಗ್ಗೆ ಎದ್ದು ನೋಡಿದರೆ ಮುಂದಿನ ಬಲಗಡೆ ಕುಸಿದು ಕೂತಿದೆ. ಸ್ಟಾರ್ಟ್ ಮಾಡಿದರೆ ಮೇಲೇಳುತ್ತದಲ್ಲ ಅಂತ ಮೂರು ವಾರ ಹಾಗೇ ಓಡಿಸಿದೆ. ಅದೇ ದೊಡ್ಡ ತಪ್ಪು. ಸೋರಿದ ಗಾಳಿಯನ್ನು ತುಂಬಿ ತುಂಬಿ ಕಂಪ್ರೆಸರ್ ಸುಟ್ಟುಹೋಯಿತು. ಎರಡು ಬಲೂನಿಗೆ ಸುಮಾರು 85 ಸಾವಿರ, ಕಂಪ್ರೆಸರ್‌ಗೆ 45 ಸಾವಿರ. ಆ ವರ್ಷ ಅಡಿಕೆಯಲ್ಲಿ ಉಳಿದಿದ್ದ ದುಡ್ಡೆಲ್ಲ ಅದಕ್ಕೇ ಆಯಿತು.

ಬಿಚ್ಚಿದ ಬಲೂನನ್ನು ನಾನು ಎಸೆಯಲಿಲ್ಲ. ಡಸ್ಟ್ ಕವರ್ ಯಾವಾಗಲೋ ಹರಿದಿತ್ತು. ರಬ್ಬರ್ ಮಡಚುವಲ್ಲಿ ಬಳೆಯ ಹಾಗೆ ಸುತ್ತಲೂ ಸಣ್ಣ ಬಿರುಕು. ಬಿರುಕಿನೊಳಗೆ ಕೆಂಪು ಮಣ್ಣು, ಉಗುರಿನಲ್ಲಿ ಕೆರೆದರೂ ಬರಲಿಲ್ಲ. ಗಾಳಿ ಕೊಟ್ಟು ಸೋಪಿನ ನೀರು ಹಚ್ಚಿದರೆ ಒಂದೇ ಕಡೆ ಗುಳ್ಳೆ. ಆಗ ಅರ್ಥವಾಯಿತು. ಇಳಿಸಿದಾಗ ರಬ್ಬರ್ ಇನ್ನಷ್ಟು ಕೆಳಗೆ ಸುತ್ತಿಕೊಂಡು ಹೊಸ ಜಾಗದಲ್ಲಿ ಮಡಚುತ್ತದೆ. ದಿನಾ ಅಲ್ಲೇ ಮಡಚುತ್ತದೆ. ಅಲ್ಲಿ ಮಣ್ಣು ಕೂತರೆ ಉಪ್ಪುಕಾಗದ ಉಜ್ಜಿದ ಹಾಗೆ.

ನಡುವೆ ಟ್ರ್ಯಾಕ್ಟರ್ ಟ್ಯೂಬ್ ಕತ್ತರಿಸಿ ಬಲೂನಿಗೆ ಹೊದಿಕೆ ಮಾಡಿದೆ. ಆಗುಂಬೆ ಮಳೆಗೆ ಎರಡೇ ದಿನದಲ್ಲಿ ಒಳಗೆ ನೀರು ನಿಂತು ಕೆಸರಾಯಿತು. ಕಿತ್ತು ಹಾಕಿದೆ.

ಎರಡನೇ ಸಲ ಬರೀ 20 ಮಿಲಿಮೀಟರ್. ಹೊಸ ಡಸ್ಟ್ ಕವರ್. ಜಾಕ್ ಮೇಲಿಂದ ಇಳಿಸುವ ಮೊದಲು ಬಲೂನಿಗೆ ಸ್ವಲ್ಪ ಗಾಳಿ ಕೊಟ್ಟೆ. ಖಾಲಿ ಬಲೂನಿನ ಮೇಲೆ ಭಾರ ಬಿದ್ದರೆ ಅಡ್ಡಾದಿಡ್ಡಿ ಮಡಚಿ ಅವತ್ತೇ ಅರ್ಧ ಆಯುಸ್ಸು ಹೋಗುತ್ತದೆ. ಆಗುಂಬೆ ಘಾಟಿಯ 14 ತಿರುವಿಗೂ, ತೋಟದ ರಸ್ತೆಗೂ ಕಾರು ಎತ್ತರಿಸುವ ರೈಸ್ ಬಟನ್ ಕಡ್ಡಾಯ. ಇಳಿಸಿದ್ದು ಟಾರ್ ರಸ್ತೆಗೆ ಮಾತ್ರ. ವಾರಕ್ಕೊಮ್ಮೆ ಗಾಡಿ ಎತ್ತರಿಸಿ, ಚಕ್ರ ಪೂರ್ತಿ ತಿರುಗಿಸಿ, ಸಾದಾ ಪೈಪಿನಲ್ಲಿ ತೊಳೆಯುತ್ತೇನೆ. ಪ್ರೆಷರ್ ಗನ್ ಬೇಡವೇ ಬೇಡ. ಒಣಗಿದ ಮೇಲೆ ರಬ್ಬರಿಗೆ ಒಂದು ವಸ್ತು ಒರೆಸುತ್ತೇನೆ, ಅದರ ಹೆಸರು ಹೇಳಲ್ಲ. ಗ್ರೀಸ್, ಆಯಿಲ್ ಅಂತೂ ಅಲ್ಲ, ಅವು ರಬ್ಬರ್ ಊದಿಸುತ್ತವೆ.

ನಮ್ಮ ಮಲೆನಾಡಿನ ತೇವಕ್ಕೆ, ಗಾಳಿಯ ನೀರು ಹೀರುವ ಡ್ರೈಯರ್ ಕೂಡ ಮುಖ್ಯ. ಅದರ ಕಾಳು ನೆನೆದರೆ ನೀರು ಬಲೂನುಗಳಿಗೆ ಗಾಳಿ ಹಂಚುವ ವಾಲ್ವ್ ಬ್ಲಾಕ್‌ಗೆ ಹೋಗಿ ತುಕ್ಕು ಹಿಡಿಸುತ್ತದೆ. ನಾನು ಮಳೆಗಾಲ ಮುಗಿದ ಕೂಡಲೇ ಕಾಳು ಬದಲಿಸುತ್ತೇನೆ. ಖರ್ಚು ಸಾವಿರದೊಳಗೆ. ಕ್ಯಾಂಬರ್ (ಚಕ್ರದ ಓರೆ) ಮಾತ್ರ ಸ್ವಲ್ಪ ಒಳಗೆ ಹೋಗಿದೆ, ಟೈರ್ ಒಳಅಂಚು ಬೇಗ ಸವೆಯುತ್ತದೆ. ಅಷ್ಟು ಒಪ್ಪಿಕೊಂಡಿದ್ದೇನೆ.

ಹೋದ ಶನಿವಾರ ರಾತ್ರಿ ಮೊದಲು ಬೇಡ ಅಂದಿದ್ದ ಮೇಸ್ತ್ರಿ ಅಣ್ಣನೇ ಬಂದು ಫೆಂಡರ್‌ನಿಂದ ಚಕ್ರದ ನಡುವಿಗೆ ಟೇಪ್ ಹಿಡಿದು ಗುರುತು ಮಾಡಿಹೋದ. ಬೆಳಿಗ್ಗೆ ಮತ್ತೆ ಅಳೆದ. ಎರಡು ಮಿಲಿಮೀಟರ್ ಇಳಿದಿತ್ತು, ಅಷ್ಟೇ. "ಲಿಂಕ್ ಎಷ್ಟು ಉದ್ದ ಇಟ್ಟೆ ಮಾರಾಯ?" ಅಂತ ಕೇಳಿದ. ಅವನಿಗೆ ಮಾತ್ರ ಹೇಳಿದ್ದೇನೆ.