ಡಿಶ್‌ವಾಷರ್ ಪಾತ್ರೆ ಸರಿಯಾಗಿ ತೊಳೆಯುತ್ತಿಲ್ಲವೇ? ಉಳಿದ ಕೊಳೆ ನೋಡಿ ದೋಷ ಹುಡುಕಿ

ತಟ್ಟೆಗೆ ಅನ್ನದ ಅಗುಳು ಅಂಟಿಕೊಂಡೇ ಹೊರಬರುತ್ತಿದೆ, ಗಾಜಿನ ಲೋಟಕ್ಕೆ ಬಿಳಿ ಪೊರೆ ಕಟ್ಟಿದೆ, ಸ್ಟೀಲ್ ಡಬ್ಬಿ ಮುಟ್ಟಿದರೆ ಕೈಗೆ ಜಿಡ್ಡು ಹತ್ತುತ್ತಿದೆ. ಹೀಗಾದಾಗ ಹೆಚ್ಚಿನವರು ಮೊದಲು ಮಾಡುವುದು ಡಿಟರ್ಜೆಂಟ್ ಬದಲಾಯಿಸುವುದು, ಆಮೇಲೆ ಮೆಕ್ಯಾನಿಕ್‌ಗೆ ಫೋನ್ ಮಾಡುವುದು. ಎರಡಕ್ಕೂ ಮುಂಚೆ ಮಾಡಬೇಕಾದ ಕೆಲಸ ಒಂದಿದೆ. ತೊಳೆದು ಮುಗಿದ ಪಾತ್ರೆಗಳನ್ನು ಹೊರಗೆ ತೆಗೆಯದೆ, ಇದ್ದಲ್ಲೇ ನೋಡಿ. ಉಳಿದಿರುವುದು ಏನು, ಯಾವ ರ‍್ಯಾಕ್‌ನಲ್ಲಿ, ಪಾತ್ರೆಯ ಒಳಗೋ ಹೊರಗೋ ಎಂಬುದು ಗೊತ್ತಾದರೆ ಮುಕ್ಕಾಲು ಪಾಲು ದೋಷ ಸಿಕ್ಕಂತೆ.

ಒಗ್ಗರಣೆಯ ಸಾಸಿವೆ, ಕರಿಬೇವಿನ ಚೂರು, ಸಣ್ಣ ಪುಡಿ ಎಲ್ಲ ಪಾತ್ರೆಗಳ ಮೇಲೂ ಚೆಲ್ಲಿಕೊಂಡಿದ್ದರೆ ಫಿಲ್ಟರ್ ನೋಡಿ. ಮೇಲಿನ ರ‍್ಯಾಕ್ ಮಾತ್ರ ಕೊಳೆಯಾಗಿದ್ದರೆ ಮೇಲಿನ ಸ್ಪ್ರೇ ಆರ್ಮ್ (ತಿರುಗುತ್ತ ನೀರು ಚಿಮ್ಮಿಸುವ ತೋಳು) ತಿರುಗುತ್ತಿಲ್ಲ, ಇಲ್ಲವೇ ಅದರ ತೂತು ಕಟ್ಟಿದೆ. ಎಲ್ಲದರ ಮೇಲೂ ಜಿಡ್ಡಿದ್ದರೆ ನೀರು ಬಿಸಿಯಾಗುತ್ತಿಲ್ಲ, ಅಥವಾ ಡಿಟರ್ಜೆಂಟ್ ಸಾಲುತ್ತಿಲ್ಲ. ಕಾಫಿ, ಟೀ ಕಲೆ ಮಾತ್ರ ಉಳಿದಿದ್ದರೆ ಮೆಷಿನ್‌ನಲ್ಲಿ ದೋಷವಿಲ್ಲ, ಡಿಟರ್ಜೆಂಟ್‌ನಲ್ಲಿ ಬ್ಲೀಚ್ ಇಲ್ಲ. ಬಿಳಿ ಪೊರೆಯಾದರೆ ಗಡಸು ನೀರಿನ ಕಡೆಗೆ ಹೋಗಿ. ನಮ್ಮ ಊರುಗಳಲ್ಲಿ ಬಹುಪಾಲು ದೂರು ಬಂದು ನಿಲ್ಲುವುದು ಅಲ್ಲಿಗೇ.

ಫಿಲ್ಟರ್ ಮತ್ತು ಸ್ಪ್ರೇ ಆರ್ಮ್

ಡಿಶ್‌ವಾಷರ್ ತನ್ನೊಳಗೆ ನೀರು ತುಂಬಿಕೊಂಡು ಪಾತ್ರೆಗಳನ್ನು ಮುಳುಗಿಸುವುದಿಲ್ಲ. ಒಂದು ಸುತ್ತಿಗೆ ಸಾಮಾನ್ಯವಾಗಿ 9ರಿಂದ 12 ಲೀಟರ್ ನೀರು. ಅದನ್ನೂ ಮೂರು ನಾಲ್ಕು ಕಂತಿನಲ್ಲಿ ತೆಗೆದುಕೊಳ್ಳುತ್ತದೆ. ಪ್ರತಿ ಕಂತಿನ ಎರಡು ಮೂರು ಲೀಟರನ್ನೇ ಪಂಪ್ ಮತ್ತೆ ಮತ್ತೆ ಮೇಲಕ್ಕೆ ಚಿಮ್ಮಿಸುತ್ತದೆ. ತಳದ ಫಿಲ್ಟರ್ ಕಟ್ಟಿದರೆ ಪಂಪಿಗೆ ನೀರು ಸಾಲದು, ಚಿಮ್ಮುವ ಒತ್ತಡ ಬೀಳುತ್ತದೆ. ಫಿಲ್ಟರ್ ಸಡಿಲವಾಗಿ ಕೂತಿದ್ದರಂತೂ ಕೊಳೆ ಪಕ್ಕದಿಂದ ನುಸುಳಿ ಸ್ಪ್ರೇ ಆರ್ಮ್ ಸೇರಿ, ಅಲ್ಲಿಂದ ಪಾತ್ರೆಗಳ ಮೇಲೆ ಬೀಳುತ್ತದೆ.

ಕೆಳಗಿನ ರ‍್ಯಾಕ್ ಹೊರಗೆ ತೆಗೆದು, ಫಿಲ್ಟರಿನ ಉದ್ದ ಕೊಳವೆಯನ್ನು ಅಪ್ರದಕ್ಷಿಣವಾಗಿ ತಿರುಗಿಸಿ ಮೇಲಕ್ಕೆ ಎತ್ತಿ. ಅದರ ಕೆಳಗಿನ ಚಪ್ಪಟೆ ಸ್ಟೀಲ್ ಜಾಲರಿಯೂ ಬಿಡಿಯಾಗಿ ಬರುತ್ತದೆ. ಹರಿಯುವ ನೀರಿನಲ್ಲಿ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ. ತುಪ್ಪ, ಎಣ್ಣೆ ಹೆಪ್ಪುಗಟ್ಟಿದ್ದರೆ ಬಿಸಿನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ 15 ನಿಮಿಷ ನೆನೆಸಿ, ಆಮೇಲೆ ನೊರೆ ಪೂರ್ತಿ ಹೋಗುವಂತೆ ತೊಳೆಯಿರಿ. ಸ್ಟೀಲ್ ಸ್ಕ್ರಬರ್ ಬೇಡ, ನಯವಾದ ಜಾಲರಿ ಹರಿಯುತ್ತದೆ. ವಾಪಸ್ ಕೂರಿಸುವಾಗ ಬಾಣದ ಗುರುತುಗಳು ಎದುರುಬದುರು ಬರುವವರೆಗೆ ತಿರುಗಿಸಿ. ನಿತ್ಯ ಅನ್ನ, ಸಾರು, ಹುಳಿಯ ಪಾತ್ರೆ ತುಂಬುವ ಮನೆಯಲ್ಲಿ ಇದು ವಾರದ ಕೆಲಸ.

ಸ್ಪ್ರೇ ಆರ್ಮ್‌ಗಳಲ್ಲಿ ಕೆಳಗಿನದು ಮೇಲಕ್ಕೆ ಎಳೆದರೆ ಕಳಚಿಕೊಳ್ಳುತ್ತದೆ. ಮೇಲಿನದಕ್ಕೆ ಸಾಮಾನ್ಯವಾಗಿ ತಿರುಪುವ ನಟ್ ಇರುತ್ತದೆ. ಕಳಚಿ ಅಲ್ಲಾಡಿಸಿ. ಗಲಗಲ ಸದ್ದು ಬಂದರೆ ಒಳಗೆ ಜೀರಿಗೆಯೋ ನಿಂಬೆ ಬೀಜವೋ ಸೇರಿದೆ. ತೂತುಗಳನ್ನು ಟೂತ್‌ಪಿಕ್‌ನಿಂದ ಚುಚ್ಚಿ, ಮಧ್ಯದ ದೊಡ್ಡ ಬಾಯಿಂದ ನಲ್ಲಿ ನೀರು ಬಿಟ್ಟು ಕಸ ಹೊರಬರುವವರೆಗೆ ತೊಳೆಯಿರಿ. ಟೂತ್‌ಪಿಕ್ ಒಳಗೇ ಮುರಿದುಹೋಗದಂತೆ ಜೋಪಾನ. ತೂತಿನ ಅಂಚಿಗೆ ಬಿಳಿ ಸುಣ್ಣ ಕಟ್ಟಿದ್ದರೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿದ ಬೆಚ್ಚನೆ ನೀರಿನಲ್ಲಿ ಅರ್ಧ ಗಂಟೆ ನೆನೆಸಿ.

ಆರ್ಮ್ ನಿಜಕ್ಕೂ ತಿರುಗುತ್ತಿದೆಯೇ ಎಂದು ತಿಳಿಯಲು ಪಾತ್ರೆ ಜೋಡಿಸಿದ ಮೇಲೆ ಅದರ ಒಂದು ತುದಿಯನ್ನು ಬಾಗಿಲಿನ ಕಡೆಗೆ ನೇರ ನಿಲ್ಲಿಸಿ ಮೆಷಿನ್ ಶುರು ಮಾಡಿ. ನೀರು ಚಿಮ್ಮುವ ಸದ್ದು ಶುರುವಾಗಿ ಐದು ನಿಮಿಷವಾದ ಮೇಲೆ ಬಾಗಿಲನ್ನು ಸ್ವಲ್ಪವೇ ಸರಿಸಿ, ಸದ್ದು ನಿಂತ ಮೇಲೆ ಪೂರ್ತಿ ತೆರೆಯಿರಿ. ತುದಿ ಇದ್ದಲ್ಲೇ ಇದ್ದರೆ ಬೇರೆ ಜಾಗದಲ್ಲಿ ನಿಲ್ಲಿಸಿ ಇನ್ನೊಮ್ಮೆ ನೋಡಿ. ಎರಡು ಸಲವೂ ಕದಲದಿದ್ದರೆ ಅದು ತಿರುಗುತ್ತಿಲ್ಲ. ಹಲವು ಸಲ ಕಾರಣ ರ‍್ಯಾಕಿನಿಂದ ಕೆಳಗೆ ಇಳಿಬಿದ್ದ ಸೌಟಿನ ಹಿಡಿ.

ನೀರು ಸಾಕಷ್ಟು ಬರುತ್ತಿದೆಯೇ

ತಾರಸಿಯ ಟ್ಯಾಂಕಿನಿಂದ ನೀರು ಬರುವ ಬಿಡಿ ಮನೆಗಳಲ್ಲಿ ಇದೇ ಮೊದಲ ಅನುಮಾನವಾಗಬೇಕು. ಬಹಳಷ್ಟು ಮೆಷಿನ್‌ಗಳಿಗೆ ಕನಿಷ್ಠ 0.5 ಬಾರ್ ಒತ್ತಡ ಬೇಕು, ಅಂದರೆ ಮೆಷಿನ್‌ಗಿಂತ ಸುಮಾರು 5 ಮೀಟರ್ ಮೇಲೆ ಟ್ಯಾಂಕಿನ ನೀರಿರಬೇಕು. ನೆಲಮಹಡಿಯ ಅಡುಗೆಮನೆಗೆ ಎರಡನೇ ಮಹಡಿಯ ತಾರಸಿ ಮೇಲಿನ ಟ್ಯಾಂಕ್ ಸಾಕು. ಟ್ಯಾಂಕಿನ ಕೆಳಗೇ ಇರುವ ಮಹಡಿಯಲ್ಲಿ ಮೆಷಿನ್ ಇದ್ದರೆ ಮೂರು ಮೀಟರ್ ಸಿಗುವುದೂ ಕಷ್ಟ, ಅಲ್ಲಿ ಪ್ರೆಷರ್ ಪಂಪ್ ಹಾಕಿಸದೆ ದಾರಿಯಿಲ್ಲ. ಪರೀಕ್ಷೆ ಸುಲಭ: ಮೆಷಿನ್‌ಗೆ ಹೋಗುವ ನಲ್ಲಿಯ ಪೈಪ್ ಬಿಚ್ಚಿ 10 ಲೀಟರಿನ ಬಕೆಟ್ ಹಿಡಿಯಿರಿ. ಒಂದು ನಿಮಿಷದ ಒಳಗೆ ತುಂಬಬೇಕು.

ನಲ್ಲಿಯಲ್ಲಿ ಜೋರಾಗಿ ಬಂದು ಮೆಷಿನ್ ಮಾತ್ರ ನೀರಿಲ್ಲವೆಂದು ದೂರಿದರೆ, ಪೈಪ್ ಸೇರುವ ಜಾಗದ ಸಣ್ಣ ಜಾಲರಿ ತೆಗೆದು ನೋಡಿ. ಟ್ಯಾಂಕರ್ ನೀರಿನ ಮರಳು, ತುಕ್ಕು ಅಲ್ಲಿ ಸೇರಿರುತ್ತದೆ. ಪೈಪಿನ ತುದಿಗೆ ದಪ್ಪ ಪ್ಲಾಸ್ಟಿಕ್ ಡಬ್ಬಿಯಿದ್ದರೆ ಅದು ಸೋರಿಕೆ ತಡೆಯುವ ವಿದ್ಯುತ್ ವಾಲ್ವ್. ಅದನ್ನು ನೀರಿನಲ್ಲಿ ಅದ್ದಬೇಡಿ, ಆ ಪೈಪನ್ನು ಕತ್ತರಿಸಲೂಬೇಡಿ.

ಗಡಸು ನೀರು ಮತ್ತು ಉಪ್ಪು

ಗಾಜಿನ ಲೋಟದ ಬಿಳಿ ಪೊರೆಯ ಮೇಲೆ ಒದ್ದೆ ಬೆರಳಾಡಿಸಿ. ಅಷ್ಟಕ್ಕೇ ಹೋದರೆ ಅದು ಡಿಟರ್ಜೆಂಟ್ ಅಥವಾ ಉಪ್ಪಿನ ಶೇಷ. ಹೋಗದಿದ್ದರೆ ನಿಂಬೆಹೋಳಿನಿಂದ ಉಜ್ಜಿ. ಆಗ ಹೋದರೆ ಸುಣ್ಣ. ನಿಂಬೆಗೂ ಜಗ್ಗದಿದ್ದರೆ ಗಾಜೇ ಸವೆದಿದೆ, ಅದನ್ನು ಸರಿಪಡಿಸಲಾಗದು. ಈ ಸವೆತ ಮೃದು ನೀರಿಗೆ ಡಿಟರ್ಜೆಂಟ್ ಹೆಚ್ಚು ಸುರಿದು, 70 ಡಿಗ್ರಿಯಲ್ಲಿ ಮತ್ತೆ ಮತ್ತೆ ತೊಳೆಯುವುದರಿಂದ ಬರುತ್ತದೆ.

ಸುಣ್ಣವಾದರೆ ಮೊದಲು ನಿಮ್ಮ ನೀರು ಎಷ್ಟು ಗಡಸು ಎಂದು ಅಳೆಯಿರಿ. ಆರ್‌ಓ ಫಿಲ್ಟರ್ ರಿಪೇರಿಯವರ ಟಿಡಿಎಸ್ ಮೀಟರ್ ಇಲ್ಲಿ ಸಾಲದು. ಅದು ಕರಗಿರುವ ಎಲ್ಲ ಲವಣವನ್ನೂ ಸೇರಿಸಿ ಹೇಳುತ್ತದೆ, ನಮಗೆ ಬೇಕಾದದ್ದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲೆಕ್ಕ. ಆನ್‌ಲೈನಿನಲ್ಲೂ ಅಕ್ವೇರಿಯಂ ಅಂಗಡಿಗಳಲ್ಲೂ ಹಾರ್ಡ್‌ನೆಸ್ ಟೆಸ್ಟ್ ಪಟ್ಟಿ ಸಿಗುತ್ತದೆ. ಪಟ್ಟಿ ತೋರಿಸುವ ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಸಂಖ್ಯೆಯನ್ನು 17.8ರಿಂದ ಭಾಗಿಸಿದರೆ ಮೆಷಿನ್ ಪುಸ್ತಕದಲ್ಲಿ ಇರುವ ಜರ್ಮನ್ ಡಿಗ್ರಿ ಬರುತ್ತದೆ, ಇದು ಬಿಸಿಯದಲ್ಲ, ಗಡಸುತನದ ಅಳತೆ. 600 ಪಿಪಿಎಂ ಅಂದರೆ ಸುಮಾರು 34 ಡಿಗ್ರಿ. ಆ ಅಂಕಿಗೆ ತಕ್ಕ ಮಟ್ಟವನ್ನು ಮೆಷಿನ್‌ನ ಸಾಫ್ಟ್‌ನರ್ (ನೀರು ಮೃದು ಮಾಡುವ ಭಾಗ) ಸೆಟ್ಟಿಂಗ್‌ನಲ್ಲಿ ಇಡಿ. ಅಂಗಡಿಯಿಂದ ಬಂದ ದಿನದ ಸೆಟ್ಟಿಂಗ್‌ನಲ್ಲೇ ವರ್ಷಗಟ್ಟಲೆ ಓಡುತ್ತಿರುವ ಮೆಷಿನ್‌ಗಳಿಗೆ ಲೆಕ್ಕವಿಲ್ಲ. ಅನೇಕ ಮಾದರಿಗಳ ಗರಿಷ್ಠ ಮಿತಿ 50 ಡಿಗ್ರಿ, ಅಂದರೆ ಸುಮಾರು 890 ಪಿಪಿಎಂ. ಬೋರ್‌ವೆಲ್ ನೀರು ಅದನ್ನೂ ಮೀರಿದ್ದರೆ ಮನೆಗೋ ಅಡುಗೆಮನೆಗೋ ಪ್ರತ್ಯೇಕ ಸಾಫ್ಟ್‌ನರ್ ಬೇಕು.

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಇನ್ನೊಂದು ತೊಡಕು. ಸಂಪಿನಲ್ಲಿ ಕಾವೇರಿ ನೀರು, ಬೋರ್‌ವೆಲ್, ಟ್ಯಾಂಕರ್ ಮೂರೂ ಬೆರೆಯುತ್ತವೆ. ಬೇಸಿಗೆಯಲ್ಲಿ ಟ್ಯಾಂಕರ್ ಪಾಲು ಹೆಚ್ಚಾದಂತೆ ಗಡಸುತನವೂ ಏರುತ್ತದೆ. ಜನವರಿಯಲ್ಲಿ ಅಳೆದ ಅಂಕಿ ಏಪ್ರಿಲ್‌ಗೆ ಹೊಂದದು, ಬೇಸಿಗೆಯಲ್ಲಿ ಇನ್ನೊಮ್ಮೆ ಅಳೆಯಿರಿ.

ಮೆಷಿನ್ ಒಳಗಿನ ರೆಸಿನ್ ಹರಳುಗಳು ನೀರಿನ ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತವೆ. ಹಿಡಿದದ್ದನ್ನು ಉಪ್ಪುನೀರು ತೊಳೆದು ತೆಗೆಯದಿದ್ದರೆ ಅವು ನಿಷ್ಪ್ರಯೋಜಕ. ತಳದ ಉಪ್ಪಿನ ಡಬ್ಬಿಗೆ ಡಿಶ್‌ವಾಷರ್ ಉಪ್ಪನ್ನೇ ಹಾಕಿ. ಅಡುಗೆಯ ಪುಡಿ ಉಪ್ಪಿನಲ್ಲಿ ಗಟ್ಟಿಯಾಗದಿರಲು ಸೇರಿಸಿದ ವಸ್ತುಗಳಿವೆ, ಕಲ್ಲುಪ್ಪಿನಲ್ಲಿ ಕರಗದ ಮಣ್ಣು ಮತ್ತು ಅದೇ ಕ್ಯಾಲ್ಸಿಯಂ, ಮೆಗ್ನೀಸಿಯಂ ಇವೆ. ಡಬ್ಬಿಗೆ ನೀರು ತುಂಬಬೇಕಾದದ್ದು ಮೊಟ್ಟಮೊದಲ ಸಲ ಮಾತ್ರ. ಉಪ್ಪು ಸುರಿಯುವಾಗ ಉಪ್ಪುನೀರು ಉಕ್ಕಿ ತಳಕ್ಕೆ ಹರಿಯುತ್ತದೆ, ಬಿಟ್ಟರೆ ಸ್ಟೀಲ್ ತುಕ್ಕು ಹಿಡಿಯುತ್ತದೆ. ಆದ್ದರಿಂದ ಉಪ್ಪು ಹಾಕಿದ ಕೂಡಲೇ ಒಂದು ಸುತ್ತು ಓಡಿಸಿ. ಮುಚ್ಚಳ ಸಡಿಲವಿದ್ದರೆ ಪಾತ್ರೆಗಳು ಉಪ್ಪುಪ್ಪಾಗಿ ಬರುತ್ತವೆ. ಅನುಮಾನವಿದ್ದರೆ ನಾಲಿಗೆಗೆ ತಾಗಿಸಿದರೆ ಗೊತ್ತಾಗುತ್ತದೆ.

ಉಪ್ಪಿದೆ, ಸೆಟ್ಟಿಂಗ್ ಸರಿಯಿದೆ, ಆದರೂ ಬಿಳಿ ಕಟ್ಟುತ್ತಿದೆಯೇ? ಡಿಟರ್ಜೆಂಟ್ ಹಾಕದೆ ಖಾಲಿ ಮೆಷಿನ್‌ನಲ್ಲಿ ರಿನ್ಸ್ ಪ್ರೋಗ್ರಾಂ ಶುರು ಮಾಡಿ. ಮಧ್ಯದಲ್ಲಿ ನಿಲ್ಲಿಸಿ ತಳದಲ್ಲಿ ನಿಂತ ನೀರಿಗೆ ಟೆಸ್ಟ್ ಪಟ್ಟಿ ಅದ್ದಿ. ನಲ್ಲಿ ನೀರಿನಷ್ಟೇ ಅಂಕಿ ತೋರಿಸಿದರೆ ಡಬ್ಬಿಯಲ್ಲಿ ಉಪ್ಪು ಗಡ್ಡೆ ಕಟ್ಟಿದೆಯೇ ನೋಡಿ. ಅದೂ ಇಲ್ಲವೆಂದರೆ ಸಾಫ್ಟ್‌ನರ್ ಭಾಗವೇ ಕೆಟ್ಟಿದೆ, ಅದು ಮೆಕ್ಯಾನಿಕ್ ಕೆಲಸ.

ಒಳಗೆ ಆಗಲೇ ಕಟ್ಟಿದ ಸುಣ್ಣ ತೆಗೆಯಲು ಸುಮಾರು 100 ಗ್ರಾಂ ನಿಂಬೆ ಉಪ್ಪನ್ನು ತಳಕ್ಕೆ ಉದುರಿಸಿ, ಪಾತ್ರೆಯೂ ಡಿಟರ್ಜೆಂಟೂ ಇಲ್ಲದೆ 50ರಿಂದ 60 ಡಿಗ್ರಿಯ ಪ್ರೋಗ್ರಾಂ ಓಡಿಸಿ. ಬ್ಲೀಚಿಂಗ್ ಪೌಡರ್ ಅಥವಾ ಕ್ಲೋರಿನ್ ಇರುವ ಯಾವುದನ್ನೂ ಇದರ ಜೊತೆ ಸೇರಿಸಬೇಡಿ, ವಿಷಾನಿಲ ಏಳುತ್ತದೆ. ವಿನೆಗರ್ ಪದೇ ಪದೇ ಬಳಸಿದರೆ ರಬ್ಬರ್ ಬೀಡಿಂಗ್ ಹಾಳಾಗುತ್ತದೆ.

ಡಿಟರ್ಜೆಂಟ್

ಅನ್ನದ ಗಂಜಿ, ಬೇಳೆಯ ಪೊರೆಯನ್ನು ಬಿಡಿಸುವುದು ಡಿಟರ್ಜೆಂಟಿನ ಎಂಜೈಮ್‌ಗಳು. ಅವುಗಳಿಗೆ ಬೆಚ್ಚನೆ ನೀರೂ ಬೇಕು, ಸಮಯವೂ ಬೇಕು. 30 ನಿಮಿಷದ ಪ್ರೋಗ್ರಾಂನಲ್ಲಿ ಟ್ಯಾಬ್ಲೆಟ್ ಎಷ್ಟೋ ಸಲ ಪೂರ್ತಿ ಕರಗುವುದೇ ಇಲ್ಲ, ಅಲ್ಲಿ ಪುಡಿಯೇ ಮೇಲು. ಮಾಮೂಲಿ ಪಾತ್ರೆಗೆ 20 ಗ್ರಾಂ, ಜಿಡ್ಡು ಬಾಣಲೆಗಳಿದ್ದರೆ 25 ಗ್ರಾಂ ಪುಡಿ. ‘ಆಲ್ ಇನ್ ಒನ್’ ಟ್ಯಾಬ್ಲೆಟ್ ಇದ್ದರೆ ಉಪ್ಪು ಬೇಡ ಎಂಬ ಮಾತು ಸುಮಾರು 21 ಡಿಗ್ರಿ ಗಡಸುತನ, ಅಂದರೆ 370 ಪಿಪಿಎಂವರೆಗೆ ಮಾತ್ರ ನಿಜ. ಜೆಲ್‌ಗಳಲ್ಲಿ ಸಾಮಾನ್ಯವಾಗಿ ಬ್ಲೀಚ್ ಇರದು, ಕಾಫಿ ಕಲೆ ಉಳಿಯುವುದು ಅದಕ್ಕೇ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಪೊಟ್ಟಣ ಬಾಯ್ತೆರೆದಿಟ್ಟರೆ ಪುಡಿ ಗಡ್ಡೆಕಟ್ಟಿ ಶಕ್ತಿ ಕಳೆದುಕೊಳ್ಳುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಡಿ. ಕೈಯಲ್ಲಿ ತೊಳೆಯುವ ಲಿಕ್ವಿಡ್ ಅನ್ನು ಮೆಷಿನ್‌ಗೆ ಎಂದೂ ಹಾಕಬೇಡಿ. ನೊರೆ ತುಂಬಿ ಪಂಪಿನ ಒತ್ತಡ ಬೀಳುತ್ತದೆ, ಹೊರಗೂ ಉಕ್ಕುತ್ತದೆ.

ರಿನ್ಸ್ ಏಡ್ (ಪಾತ್ರೆ ಮೇಲೆ ಹನಿ ನಿಲ್ಲದಂತೆ ಮಾಡುವ ದ್ರವ) ಬಗ್ಗೆ ಇಷ್ಟು ಸಾಕು: ಲೋಟದ ಮೇಲೆ ನೀರಿನ ಹನಿ ಒಣಗಿದ ಗುರುತಿದ್ದರೆ ಒಂದು ಅಂಕಿ ಏರಿಸಿ, ನೀಲಿ ಛಾಯೆಯ ಗೀರಿದ್ದರೆ ಇಳಿಸಿ.

ಪಾತ್ರೆ ಜೋಡಿಸುವುದು

ಪಾತ್ರೆಯ ಬಾಯಿ ಕೆಳಗೆ, ತುಸು ಓರೆ. ಒಂದರೊಳಗೊಂದು ಲೋಟ ಕೂತರೆ ಒಳಗಿನದಕ್ಕೆ ನೀರೇ ತಾಗದು. ಇಡ್ಲಿ ತಟ್ಟೆಗಳನ್ನು ಬಿಡಿಸಿ, ಒಂದೊಂದನ್ನೂ ನಿಲ್ಲಿಸಿಡಿ. ಅಗಲವಾದ ಪರಾತವನ್ನು ಡಿಟರ್ಜೆಂಟ್ ಡಬ್ಬಿಯ ಎದುರು ನಿಲ್ಲಿಸಿದರೆ ಅದರ ಬಾಗಿಲು ಪೂರ್ತಿ ತೆರೆಯದೆ ಪುಡಿ ಒಳಗೇ ಉಳಿಯುತ್ತದೆ. ಮುಸುರೆಯಲ್ಲಿನ ಅನ್ನ, ಕರಿಬೇವು, ಮೂಳೆ ಕೆರೆದು ಹಾಕಿ. ಆದರೆ ನಲ್ಲಿಯಲ್ಲಿ ತೊಳೆದು ಇಡುವ ಅಗತ್ಯವಿಲ್ಲ. ಆಟೋ ಪ್ರೋಗ್ರಾಂನಲ್ಲಿ ಮೆಷಿನ್ ನೀರಿನ ಕೊಳೆ ನೋಡಿಯೇ ಎಷ್ಟು ತೊಳೆಯಬೇಕೆಂದು ನಿರ್ಧರಿಸುತ್ತದೆ. ಅರ್ಧ ತೊಳೆದಿಟ್ಟರೆ ಅದೂ ಅರ್ಧ ಕೆಲಸ ಮಾಡಿ ಬಿಡುತ್ತದೆ, ಮೂಲೆಯ ಬಾಣಲೆ ಹಾಗೇ ಉಳಿಯುತ್ತದೆ. ಅಲ್ಯುಮಿನಿಯಂ ಕುಕ್ಕರ್ ಕಪ್ಪಾಗುವುದು, ಹಿತ್ತಾಳೆ ದೀಪ ಮಂಕಾಗುವುದು ಮೆಷಿನ್‌ನ ದೋಷವಲ್ಲ, ಅವು ಒಳಗೆ ಹೋಗಬಾರದವು. ಕಬ್ಬಿಣದ ತವಾ, ಮರದ ಸೌಟು ಕೂಡ.

ಬಿಸಿ ಮತ್ತು ನೀರು ಹೊರಹೋಗುವುದು

ಎಲ್ಲ ಸರಿಯಿದ್ದೂ ಜಿಡ್ಡು ಉಳಿದರೆ 60 ಅಥವಾ 70 ಡಿಗ್ರಿಯ ಪ್ರೋಗ್ರಾಂ ಹಾಕಿ. ಡಿಟರ್ಜೆಂಟ್ ಡಬ್ಬಿ ತೆರೆದ ಸದ್ದಾಗಿ 30 ನಿಮಿಷದ ಮೇಲೆ ಬಾಗಿಲನ್ನು ಜೋಪಾನವಾಗಿ ತೆರೆಯಿರಿ. ಬಿಸಿ ಹಬೆ ಮುಖಕ್ಕೆ ಹೊಡೆಯಬಹುದು, ಪಕ್ಕಕ್ಕೆ ನಿಂತಿರಿ. ಹಬೆ ಬರದೆ ಒಳಗಿನ ಸ್ಟೀಲ್ ತಣ್ಣಗಿದ್ದರೆ ಹೀಟರ್ ಕೆಲಸ ಮಾಡುತ್ತಿಲ್ಲ. ತೀರ್ಮಾನಕ್ಕೆ ಮೊದಲು ವೋಲ್ಟೇಜ್ ನೋಡಿ. 230ರ ಬದಲು 180 ವೋಲ್ಟ್ ಬಂದರೆ ಹೀಟರ್ ಶಕ್ತಿ ಸುಮಾರು 61 ಶೇಕಡಾಕ್ಕೆ ಇಳಿಯುತ್ತದೆ, ಸುತ್ತು ಎಳೆಯುತ್ತ ಹೋಗುತ್ತದೆ. ಪ್ಲಗ್ 16 ಆಂಪ್ ಸಾಕೆಟ್‌ನಲ್ಲೇ ಇರಲಿ, ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಬೇಡ.

ಸುತ್ತು ಮುಗಿದ ಮೇಲೂ ತಳದಲ್ಲಿ ಕೊಳೆ ನೀರು ನಿಂತಿದ್ದರೆ ಮುಂದಿನ ಸುತ್ತು ಅದರಲ್ಲೇ ತೊಳೆಯುತ್ತದೆ. ಸಿಂಕಿನ ಕೆಳಗೆ ಹೊರಪೈಪ್ ಮಡಿಚಿದೆಯೇ, ಸೇರುವ ಬಾಯಿ ಜಿಡ್ಡಿನಿಂದ ಕಟ್ಟಿದೆಯೇ ನೋಡಿ. ಆಮೇಲೆ ಪ್ಲಗ್ ತೆಗೆದು, ಫಿಲ್ಟರ್ ಎತ್ತಿ, ನೀರನ್ನು ಸ್ಪಾಂಜಿನಿಂದ ಹಿಂಡಿ ತೆಗೆಯಿರಿ. ಬಾಷ್, ಸೀಮೆನ್ಸ್ ಮಾದರಿಗಳಲ್ಲಿ ಅಲ್ಲೇ ಪಂಪಿನ ಸಣ್ಣ ಮುಚ್ಚಳವಿದೆ, ಚಮಚದ ಹಿಡಿಯಿಂದ ಮೀಟಿದರೆ ಬರುತ್ತದೆ. ಒಳಗಿನ ರೆಕ್ಕೆಗೆ ನಿಂಬೆ ಬೀಜವೋ ಒಡೆದ ಲೋಟದ ಚೂರೋ ಸಿಕ್ಕಿರುತ್ತದೆ, ಬರಿಗೈ ಹಾಕಬೇಡಿ. ಮುಚ್ಚಳವನ್ನು ಕ್ಲಿಕ್ ಎನ್ನುವವರೆಗೆ ಒತ್ತಿ ಕೂರಿಸಿ.

ಮೆಕ್ಯಾನಿಕ್ ಬೇಕಾಗುವುದು ಇಷ್ಟಕ್ಕೆ: ಹೀಟರ್, ನೀರು ಚಿಮ್ಮಿಸುವ ಮುಖ್ಯ ಪಂಪ್, ಮೇಲೆ ಕೆಳಗೆ ನೀರು ಹಂಚುವ ವಾಲ್ವ್, ಸಾಫ್ಟ್‌ನರ್. ಅವರನ್ನು ಕರೆಯುವಾಗ ಮಾದರಿ ಸಂಖ್ಯೆ, ಪರದೆಯಲ್ಲಿ ಬಂದ ಎರರ್ ಕೋಡ್, ನೀರಿನ ಗಡಸುತನದ ಅಂಕಿ, ಬಕೆಟ್ ತುಂಬಲು ಹಿಡಿದ ಸಮಯ, ಇವಿಷ್ಟನ್ನೂ ಫೋನಿನಲ್ಲೇ ಹೇಳಿ. ಬೇಕಾದ ಬಿಡಿಭಾಗ ಮೊದಲ ಭೇಟಿಯಲ್ಲೇ ಅವರ ಜೊತೆ ಬರುತ್ತದೆ.